ಬಿತ್ತನೆ ಶುಂಠಿ, ಏಲಕ್ಕಿ ಕಂದು, ಮೆಣಸಿನ ಹಂಬು: ತಾಯಿ ಗಿಡ ಗುರುತು ಹಾಕೋಕೆ ಇದೇ ಹೊತ್ತು

ಅರೇಬಿಕಾ ಹಣ್ಣು ಕೊಯ್ಲು ಶುರುವಾಗಿದೆ, ಆಳು ಸಿಗ್ತಿಲ್ಲ, ಕಣ ಬೇರೆ ರೆಡಿ ಮಾಡ್ಬೇಕು. ಅಂಥದ್ರಲ್ಲಿ ಇವಳೇನು ಗೆಡ್ಡೆ ಕಥೆ ತೆಗೆದ್ಲು ಅಂತ ನಿಮಗೆ ಅನ್ನಿಸಬಹುದು. ಆದರೆ ಮುಂದಿನ ಏಪ್ರಿಲ್‌ನಲ್ಲಿ ನೀವು ಹಾಕೋ ಶುಂಠಿ, ಜೂನ್ ಮಳೆಗೆ ನೆಡೋ ಏಲಕ್ಕಿ, ಮೆಣಸು ಹೇಗಿರುತ್ತೆ ಅನ್ನೋದು ಬಹುಪಾಲು ತೀರ್ಮಾನ ಆಗೋದು ಈ ನವೆಂಬರಲ್ಲೇ. ಯಾಕೆ ಅಂತ ಹೇಳ್ಬೇಕಾದ್ರೆ ನಾನು ಕೈ ಸುಟ್ಟುಕೊಂಡ ಕಥೆಯಿಂದಲೇ ಶುರು ಮಾಡ್ಬೇಕು.

ಆರು ವರ್ಷದ ಹಿಂದೆ, ಕೆಲಸ ಬಿಟ್ಟು ಊರಿಗೆ ಬಂದ ಮೊದಲ ವರ್ಷ. ಕೈಯಲ್ಲಿ ತೋಟಗಾರಿಕೆ ಡಿಗ್ರಿ ಇತ್ತು, ಧೈರ್ಯ ಅದಕ್ಕಿಂತ ಜಾಸ್ತಿ ಇತ್ತು. ಗದ್ದೆ ಮೇಲಿನ ಅರ್ಧ ಎಕರೆಗೆ ಅಂತ ಆರು ಮೂಟೆ ಬಿತ್ತನೆ ಶುಂಠಿ ತಗೊಂಡೆ. ಹೊರಗಿನಿಂದ ಪಿಕಪ್‌ನಲ್ಲಿ ತಂದು ಮಾರುವವರ ಹತ್ರ. ರೇಟು ಬೇರೆ ಕಡೆಗಿಂತ ಕಮ್ಮಿ. ಗೆಡ್ಡೆ ದಪ್ಪಗೆ, ಹೊಳಪಾಗಿ, ಕಣ್ಣು ಉಬ್ಬಿಕೊಂಡು ಚೆನ್ನಾಗೇ ಇತ್ತು. ಅಪ್ಪ ಮಾತ್ರ ಮೂಟೆ ಇಳಿಸುವಾಗ ಒಂದು ಮಾತು ಕೇಳಿದ್ರು: “ಇದು ಯಾವ ಗದ್ದೇದು? ಬೆಳೆ ನಿಂತಿದ್ದಾಗ ಯಾರಾದ್ರೂ ನೋಡಿದ್ರೇನಮ್ಮ?” ನನ್ನ ಹತ್ರ ಉತ್ತರ ಇರ್ಲಿಲ್ಲ.

ಜುಲೈ ಕೊನೆವರೆಗೂ ಬೆಳೆ ನೋಡೋಕೆ ಖುಷಿಯಾಗ್ತಿತ್ತು. ಆಮೇಲೆ ಒಂದು ಮಡಿಯಲ್ಲಿ ಎಲೆ ಸುರುಳಿ ಸುತ್ತಿ ಜೋಲು ಬಿತ್ತು. ಹಳದಿ ಕೂಡ ಆಗಿರ್ಲಿಲ್ಲ, ಹಸಿರು ಹಸಿರಾಗಿರುವಾಗಲೇ ಬಾಡ್ತು. ಒಂದು ಗಿಡದ ಬುಡದ ಭಾಗ ಕತ್ತರಿಸಿ ಗಾಜಿನ ಲೋಟದ ತಿಳಿ ನೀರಲ್ಲಿ ಇಳಿಬಿಟ್ಟೆ. ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯೋಕೆ ಶುರುವಾಯ್ತು. ದುಂಡಾಣು ಸೊರಗು ರೋಗ. ಕಾಲೇಜಲ್ಲಿ ಪರೀಕ್ಷೆಗೆ ಬರೆದು ಪಾಸಾಗಿದ್ದ ಅದೇ ಪ್ರಯೋಗ, ಈ ಸಲ ಸ್ವಂತ ಗದ್ದೆಯಲ್ಲಿ. ಜೀವಾಮೃತ ಹಾಕಿದೆ, ಟ್ರೈಕೋಡರ್ಮಾ ಹಾಕಿದೆ, ಬಸಿಗಾಲುವೆ ಆಳ ಮಾಡಿಸಿದೆ. ರೋಗ ತನ್ನ ಪಾಡಿಗೆ ನೀರು ಹರಿದ ದಾರಿಯಲ್ಲೇ ಇಳಿದುಕೊಂಡು ಹೋಯ್ತು. ಹಾಕಿದ್ದು ಆರು ಮೂಟೆ, ಕಿತ್ತಿದ್ದು ಐದು.

ಎಲ್ಲಾ ಗದ್ದೆಗೂ ಮಣ್ಣಿನ ದೋಷ, ಮಳೆ ದೋಷ ಅಂತ ಒಂದಿರುತ್ತೆ. ಆದರೆ ಆ ಗದ್ದೆಯಲ್ಲಿ ಅದಕ್ಕೂ ಮೊದಲು ಶುಂಠಿ ಹಾಕಿದವರಿಲ್ಲ, ಟೊಮ್ಯಾಟೊ, ಬದನೆ ಕೂಡ ಹಾಕಿರ್ಲಿಲ್ಲ. ರೋಗ ಬಂದಿದ್ದು ಮೂಟೆಯೊಳಗೆ. ಅದು ಹೇಗೆ ಬರುತ್ತೆ ಅನ್ನೋದು ಗೊತ್ತಾಗ್ಬೇಕಾದ್ರೆ, ನಾವು ‘ಬೀಜ’ ಅಂತ ಕರೆಯೋ ಆ ಗೆಡ್ಡೆ ನಿಜವಾಗಿ ಏನು ಅಂತ ನೋಡ್ಬೇಕು.

ಅದು ಬೀಜವೂ ಅಲ್ಲ, ಬೇರೂ ಅಲ್ಲ

ಅಡುಗೆಮನೆಯಿಂದ ಒಂದು ಹಸಿ ಶುಂಠಿ ತಗೊಂಡು ಬನ್ನಿ. ಮೈಮೇಲೆ ಸುತ್ತಲೂ ಬಳೆಯಂಥ ಗೆರೆ ಕಾಣುತ್ತೆ. ಒಣಗಿದ ಕಾಗದದಂಥ ಸಿಪ್ಪೆ ಆ ಗೆರೆಗಳಿಗೇ ಅಂಟಿಕೊಂಡಿರುತ್ತೆ. ಗೆರೆ ಅಂದ್ರೆ ಗಿಣ್ಣು, ಸಿಪ್ಪೆ ಅಂದ್ರೆ ಸಣ್ಣಗಾಗಿಹೋದ ಎಲೆ. ಗಿಣ್ಣಿನ ಪಕ್ಕದಲ್ಲಿ ಉಬ್ಬಿಕೊಂಡಿರೋ ಕಣ್ಣು ಅಂದ್ರೆ ಮೊಗ್ಗು. ಗಿಣ್ಣು, ಎಲೆ, ಎಲೆಯ ಸಂದಿನಲ್ಲಿ ಮೊಗ್ಗು: ಈ ಮೂರೂ ಇದ್ದರೆ ಅದು ಕಾಂಡ. ಕಬ್ಬಿಗೂ ಇದೇ ಲೆಕ್ಕ, ಶುಂಠಿಗೂ ಇದೇ ಲೆಕ್ಕ. ಶುಂಠಿ ಕಾಂಡ ಮೇಲಕ್ಕೆ ಹೋಗೋ ಬದಲು ಮಣ್ಣಿನೊಳಗೆ ಅಡ್ಡಡ್ಡ ಹೋಗುತ್ತೆ, ಅಷ್ಟೇ. ಈಗ ಸಿಹಿಗೆಣಸು ನೋಡಿ. ಗಿಣ್ಣು ಇಲ್ಲ, ಎಲೆಯ ಗುರುತಿಲ್ಲ. ಅದು ನಿಜವಾದ ಬೇರು. ಆಲೂಗೆಡ್ಡೆಗೆ ಕಣ್ಣಿದೆ, ಹಾಗಾಗಿ ಅದು ಕಾಂಡ. ಸುವರ್ಣಗೆಡ್ಡೆ, ಕೆಸು, ಅರಿಶಿನ, ಏಲಕ್ಕಿ ಬುಡ, ಬಾಳೆ ಬುಡ ಎಲ್ಲಾ ಕಾಂಡವೇ. ಪಠ್ಯಪುಸ್ತಕದಲ್ಲಿ ಇವಕ್ಕೆ ರೂಪಾಂತರ ಹೊಂದಿದ ಕಾಂಡ ಅಂತಾರೆ.

ಹಾಗಾದ್ರೆ ಶುಂಠಿಯಲ್ಲಿ ಮೇಲೆ ನಿಂತಿರೋದೇನು? ಅದು ಹೆಚ್ಚಿನಂಶ ಎಲೆಯ ಬುಡಗಳು ಒಂದರೊಳಗೊಂದು ಸುತ್ತಿಕೊಂಡ ಕೊಳವೆ. ಬಾಳೆಯೂ ಹಾಗೇ. ಬಾಳೆಯ ಅಸಲಿ ಕಾಂಡ ಮಣ್ಣಿನಲ್ಲೇ ಇದ್ದು, ಗೊನೆ ಹಾಕೋ ಹೊತ್ತಿಗೆ ಮಾತ್ರ ಆ ಎಲೆಕೊಳವೆಯ ಮಧ್ಯದಿಂದ ಮೇಲೆ ಬರುತ್ತೆ. ನಾವು ಪಲ್ಯ ಮಾಡೋ ಬಾಳೆದಿಂಡು ಇದೆಯಲ್ಲ, ಅದೇ.

ಕಾಂಡವನ್ನ ಮಣ್ಣಿನಲ್ಲಿ ಬಚ್ಚಿಡೋದ್ರಲ್ಲಿ ಗಿಡಕ್ಕೆ ಲಾಭ ಇದೆ. ನಮ್ಮ ಕಡೆ ಜೂನಿಂದ ಮೂರ್ನಾಲ್ಕು ತಿಂಗಳು ಹೊಡೆದು ಬಿಡೋ ಮಳೆ, ಜನವರಿ ಆದ್ಮೇಲೆ ಒಣ. ಮಳೆಗಾಲದಲ್ಲಿ ಮಾಡಿದ ಊಟವನ್ನೆಲ್ಲ ಶುಂಠಿ ಗೆಡ್ಡೆಗೆ ತುಂಬಿಸಿ, ಬೇಸಿಗೆಗೆ ಮೇಲಿನ ಭಾಗ ಒಣಗಿಸಿ, ಕೆಳಗೆ ಸುಮ್ಮನೆ ಮಲಗುತ್ತೆ. ದನ ಮೇಯ್ದರೂ, ಬೆಂಕಿ ಬಿದ್ದರೂ, ಬರ ಬಂದರೂ ಕಣ್ಣು ಉಳಿಯುತ್ತೆ. ಮೊದಲ ಮಳೆಗೆ ಎದ್ದು ಬರುತ್ತೆ. ಕೀಳದೆ ಬಿಟ್ಟ ಶುಂಠಿ ಮುಂದಿನ ವರ್ಷ ತಾನೇ ಮೊಳೆಯೋದನ್ನ ನೀವೇ ನೋಡಿರ್ತೀರಿ.

ನಕಲು ಅಂದ್ರೆ ಪೂರ್ತಿ ನಕಲು

ನಿಜವಾದ ಬೀಜ ಆಗ್ಬೇಕಾದ್ರೆ ಹೂ ಬಿಡ್ಬೇಕು, ಪರಾಗ ಸೇರ್ಬೇಕು. ಎರಡು ಕಡೆಯ ಗುಣ ಬೆರೆತು ಹೊಸದೊಂದು ಗಿಡ ಹುಟ್ಟುತ್ತೆ. ಗೆಡ್ಡೆ, ಕಂದು, ಹಂಬಿನಿಂದ ಬಂದ ಗಿಡದಲ್ಲಿ ಬೆರಕೆ ಅನ್ನೋದೇ ಇಲ್ಲ. ತಾಯಿಯ ದೇಹದ ಒಂದು ತುಂಡೇ ಬೇರೆ ಕಡೆ ಹೋಗಿ ಬೆಳೀತಾ ಇರುತ್ತೆ. ಇದಕ್ಕೆ ಕಾಯಜ ಸಂತಾನೋತ್ಪತ್ತಿ ಅಂತಾರೆ, ಕಾಯ ಅಂದ್ರೆ ದೇಹ.

ಶುಂಠಿಯಂತೂ ಪೂರ್ತಿ ಇದರ ಮೇಲೇ ನಿಂತ ಬೆಳೆ. ಅಪರೂಪಕ್ಕೆ ಹೂ ಬಿಟ್ಟರೂ ಬೀಜ ಕಟ್ಟಲ್ಲ. ಕಾಡಲ್ಲಿ ತಾನಾಗಿ ಬೆಳೆಯೋ ಅಸಲಿ ಶುಂಠಿ ಎಲ್ಲೂ ಸಿಕ್ಕಿಲ್ಲ. ಮನುಷ್ಯ ಸಾವಿರಾರು ವರ್ಷದಿಂದ ಕೈಯಿಂದ ಕೈಗೆ ತುಂಡು ಮುರಿದು ಕೊಟ್ಟುಕೊಂಡೇ ಬಂದಿದ್ದಾನೆ. ನಾವು ‘ರಿಗೋಡಿ’ ಅಂತ ಕರೆಯೋ ಶುಂಠಿಯ ಹೆಸರು ರಿಯೋ ಡಿ ಜನೈರೋ ಅನ್ನೋದರ ನಮ್ಮ ಬಾಯಿಯ ರೂಪ. ಬ್ರೆಜಿಲ್ ಹೆಸರು ನಮ್ಮ ಗದ್ದೆ ಬದುವಿಗೆ ಬಂದು ಕೂತಿದೆ ನೋಡಿ.

ಇದರ ಒಳ್ಳೇ ಮುಖ ಮೊದಲು ಹೇಳ್ತೀನಿ. ಕಾಳುಮೆಣಸಿನ ಪನ್ನಿಯೂರು-1 ನಿಮಗೆಲ್ಲ ಗೊತ್ತು. ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರ ಉತಿರನ್‌ಕೋಟ, ಚೆರಿಯಕಣಿಯಕ್ಕಾಡನ್ ಅನ್ನೋ ಎರಡು ತಳಿ ಸೇರಿಸಿ ಮಾಡಿದ ಹೈಬ್ರಿಡ್, 1971ರಲ್ಲಿ ಬಿಡುಗಡೆ ಆಯ್ತು. ಮೆಕ್ಕೆಜೋಳದ ಹೈಬ್ರಿಡ್ ಆದ್ರೆ ವರ್ಷ ವರ್ಷ ಬೀಜದ ಪ್ಯಾಕೆಟ್ ತರ್ಬೇಕು. ಪನ್ನಿಯೂರಿಗೆ ಆ ತಾಪತ್ರಯ ಇಲ್ಲ. ಐವತ್ತು ವರ್ಷ ದಾಟಿದ್ರೂ ಅದೇ ಬಳ್ಳಿ, ತುಂಡು ತುಂಡಾಗಿ ಊರೂರಿಗೆ ಹೋಗಿ ಅದೇ ಉದ್ದದ ತೆನೆ ಬಿಡ್ತಾ ಇದೆ. ಅದರ ಕಾಳು ಬಿತ್ತಿ ಸಸಿ ಮಾಡಿದ್ರೆ ಒಂದೊಂದು ಒಂದೊಂದು ಥರ ಬರುತ್ತೆ.

(ಕಾಫಿ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಅರೇಬಿಕಾ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತೆ, ಹಾಗಾಗಿ ಬೀಜದ ಸಸಿ ತಾಯಿಯನ್ನ ಬಹುಮಟ್ಟಿಗೆ ಹೋಲುತ್ತೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅದಕ್ಕೇ ಬೀಜದಿಂದ ಬೆಳೆಸಿದ ರೊಬಸ್ಟಾ ತೋಟದಲ್ಲಿ ಒಂದು ಗಿಡ ಬಗ್ಗುವಷ್ಟು ಬಿಟ್ಟರೆ ಪಕ್ಕದ್ದು ಖಾಲಿ. ಅದರ ಕಟಿಂಗ್, ಕಸಿ ಬಗ್ಗೆ ಇನ್ನೊಂದು ವಾರ ಬರೀತೀನಿ.)

ಇನ್ನೊಂದು ಮುಖವೇ ನನ್ನ ಐದು ಮೂಟೆ. ತಾಯಿಯ ಇಳುವರಿ ಗುಣ ಬರೋ ಅದೇ ದಾರಿಯಲ್ಲಿ ತಾಯಿಯ ದೇಹದಲ್ಲಿದ್ದ ವೈರಸ್, ದುಂಡಾಣು, ಶಿಲೀಂಧ್ರ, ಜಂತುಹುಳು ಎಲ್ಲವೂ ಬರುತ್ತೆ. ತಂದಿದ್ದು ಕಾಯಿಲೆ ಗಿಡದ ತುಂಡೇ ಆಗಿದ್ರೆ, ನೆಟ್ಟ ಮೊದಲ ದಿನವೇ ಕಾಯಿಲೆಯನ್ನೂ ನೆಟ್ಟ ಹಾಗೆ. ಜೊತೆಗೆ ಎಲ್ಲವೂ ಒಂದೇ ಗಿಡದ ನಕಲಾದ್ರೆ ರೋಗಕ್ಕೆ ಎಲ್ಲೂ ಅಡ್ಡಿ ಇರಲ್ಲ. 1845ರಲ್ಲಿ ಐರ್ಲೆಂಡ್‌ನಲ್ಲಿ ಬಡವರೆಲ್ಲ ಹೆಚ್ಚಾಗಿ ಲಂಪರ್ ಅನ್ನೋ ಒಂದೇ ಆಲೂಗೆಡ್ಡೆ ಬೆಳೀತಿದ್ರು. ಅಂಗಮಾರಿ ಬಂದಾಗ ಒಂದು ಹೊಲಕ್ಕೆ ಬಂದದ್ದು ಎಲ್ಲಾ ಹೊಲಕ್ಕೂ ಬಂತು, ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ಅಂಗಮಾರಿ ಫೈಟಾಫ್ತೊರಾ ಜಾತಿಯದು. ನಮ್ಮ ಅಡಿಕೆ ಕೊಳೆ, ಮೆಣಸಿನ ಶೀಘ್ರ ಸೊರಗು ರೋಗ ಕೂಡ ಅದೇ ಕುಟುಂಬದ್ದು.

ಏಲಕ್ಕಿ: ಬೀಜವೋ ಕಂದೋ

ಕಳೆದ ತಿಂಗಳು ಕಳಸ ಕಡೆಯ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. “ಅಕ್ಕಾ, ಏಲಕ್ಕಿ ಎಲೇಲಿ ಗೆರೆ ಗೆರೆ ಬಂದಿದೆ, ಜಿಂಕ್ ಕಮ್ಮಿ ಆಗಿರ್ಬಹುದಾ? ಸ್ಪ್ರೇ ಮಾಡ್ಲಾ?” ಫೋಟೋ ದೊಡ್ಡದು ಮಾಡಿ ನೋಡಿದೆ. ಸುಳಿ ಎಲೆಯಲ್ಲಿ ನಡುನರದಿಂದ ಅಂಚಿನ ಕಡೆಗೆ ತಿಳಿ ಹಸಿರು ಗೆರೆಗಳು, ಮಧ್ಯೆ ಮಧ್ಯೆ ಕಡಿದು ಕಡಿದು ಹೋಗಿವೆ. ಕಂದು ಎಲ್ಲಿಂದ ತಂದೆ ಅಂತ ಕೇಳಿದೆ. ಮೂಡಿಗೆರೆ ಹತ್ತಿರ ನೆಂಟರ ತೋಟದಿಂದ, ಎರಡು ವರ್ಷದ ಹಿಂದೆ, ಜೀಪ್ ತುಂಬಾ. ಜಿಂಕ್ ಅಲ್ಲ ಮಾರಾಯ, ಅದು ಕಟ್ಟೆ ರೋಗ.

ಕಟ್ಟೆ ಅನ್ನೋದು ನಮ್ಮದೇ ಪದ, ವಿಜ್ಞಾನಿಗಳ ಇಂಗ್ಲಿಷ್ ಪ್ರಬಂಧಗಳಲ್ಲೂ ಅದೇ ಹೆಸರು ಉಳಿದುಕೊಂಡಿದೆ. ಇದು ವೈರಸ್. ಬಂದ ಬುಡಕ್ಕೆ ಔಷಧಿ ಇಲ್ಲ. ಬುಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತೆ, ಹೊಸ ಕಂದುಗಳು ಸಣ್ಣಗಾಗುತ್ತವೆ, ಕಾಯಿ ನಿಲ್ಲುತ್ತೆ. ಹರಡೋದು ಎರಡೇ ದಾರಿಯಲ್ಲಿ. ಒಂದು, ಎಲೆಬುಡದ ಸಂದಿಯಲ್ಲಿ ಕೂರೋ ಸಣ್ಣ ಗಿಡಹೇನು. ಇನ್ನೊಂದು, ನಾವು. ಹೇನು ಪಕ್ಕದ ಬುಡಕ್ಕೆ, ಅದರ ಪಕ್ಕದ ಬುಡಕ್ಕೆ ಅಂತ ಮೆಲ್ಲಗೆ ಒಯ್ಯುತ್ತೆ. ನಾವು ಒಂದೇ ಮಧ್ಯಾಹ್ನದಲ್ಲಿ ಒಂದು ತಾಲೂಕಿನಿಂದ ಇನ್ನೊಂದಕ್ಕೆ ಒಯ್ಯುತ್ತೇವೆ.

ಇಲ್ಲಿ ಒಂದು ವಿಚಿತ್ರ ಇಕ್ಕಟ್ಟಿದೆ. ಕಟ್ಟೆ ವೈರಸ್ ಬೀಜದ ಮೂಲಕ ದಾಟಲ್ಲ. ಅಂದ್ರೆ ಬೀಜದ ಸಸಿ ಹುಟ್ಟುವಾಗ ಶುದ್ಧ. ಆದರೆ ಏಲಕ್ಕಿ ಹೂವಿಗೆ ಪರಾಗ ತರೋದು ಜೇನು, ಯಾವ ಬುಡದ್ದು ತಂತೋ ಯಾರಿಗೆ ಗೊತ್ತು. ಹಾಗಾಗಿ ನಿಮ್ಮ ತೋಟದ ಅತಿ ಒಳ್ಳೆಯ ಬುಡದ ಬೀಜ ಬಿತ್ತಿದ್ರೂ ಸಸಿಗಳು ತಾಯಿಯಂತೆ ಬರ್ತವೆ ಅನ್ನೋ ಗ್ಯಾರಂಟಿ ಇಲ್ಲ. ಕಂದು ನೆಟ್ಟರೆ ಪಕ್ಕಾ ಅದೇ ತಾಯಿ, ಬೀಜದ ಸಸಿಗಿಂತ ಬೇಗ ಕಾಯಿಗೂ ಬರುತ್ತೆ, ಆದರೆ ತಾಯಿಗೆ ಕಟ್ಟೆ ಇದ್ದರೆ ಅದೂ ಪಕ್ಕಾ. ನಾನು ಕಂದಿನ ಪಕ್ಷ. ಒಂದು ಷರತ್ತು: ತಾಯಿ ನನ್ನ ಕಣ್ಣ ಮುಂದೆ ಇರ್ಬೇಕು. ಕಣ್ಣ ಮುಂದೆ ಇಲ್ಲದ ತಾಯಿಯ ಕಂದಿಗಿಂತ ನಂಬಿಕಸ್ತ ನರ್ಸರಿಯ ಬೀಜದ ಸಸಿಯೇ ವಾಸಿ. ಹಳೇ ತೋಟದಲ್ಲಿ ತಾನಾಗಿ ಬಿದ್ದು ಹುಟ್ಟಿದ ಸಸಿಯನ್ನ ಮಾತ್ರ ಕಿತ್ತು ನೆಡೋಕೆ ಹೋಗ್ಬೇಡಿ. ಹುಟ್ಟುವಾಗ ಶುದ್ಧ ಇದ್ರೂ ಕಟ್ಟೆ ಬಂದ ಬುಡದ ಪಕ್ಕದಲ್ಲೇ ಬೆಳೆದಿದ್ರೆ ಹೇನು ಆಗಲೇ ತನ್ನ ಕೆಲಸ ಮುಗಿಸಿರುತ್ತೆ.

ತಾಯಿ ಬುಡ ಆರಿಸೋದು ಹೀಗೆ. ಈಗ ಕಾಯಿ ಕೊಯ್ತಾ ಇದ್ದೀರಲ್ಲ, ಪ್ರತಿ ಸುತ್ತಿನಲ್ಲೂ ಹೆಚ್ಚು ಕಾಯಿ ಕೊಡ್ತಿರೋ ಬುಡಕ್ಕೆ ಒಂದು ಬಣ್ಣದ ಪ್ಲಾಸ್ಟಿಕ್ ದಾರ ಕಟ್ಟಿ. ಮೊಬೈಲಲ್ಲಿ ಫೋಟೋ ತೆಗೆದು ಲೊಕೇಶನ್ ಸೇವ್ ಮಾಡಿ. ಒಂದು ವರ್ಷದ ಬೆಳೆ ನೋಡಿ ನಂಬ್ಬೇಡಿ, ಎರಡು ಮೂರು ವರ್ಷ ಅದೇ ಬುಡ ಮುಂದೆ ಇದ್ರೆ ಮಾತ್ರ ತಾಯಿ. ಬೆಳಗ್ಗೆ ಎಳೆ ಬಿಸಿಲಿಗೆ ಸುಳಿ ಎಲೆಯನ್ನ ಎತ್ತಿ ಹಿಡಿದು ಬೆಳಕಿಗೆ ನೋಡಿ, ಗೆರೆ ಇದ್ರೆ ಗೊತ್ತಾಗುತ್ತೆ. ಆ ಬುಡ ಒಂದಲ್ಲ, ಸುತ್ತಲಿನ ಬುಡಗಳನ್ನೂ ನೋಡಿ. ಒಂದರಲ್ಲಿ ಗೆರೆ ಕಂಡರೂ ಆ ಜಾಗದಿಂದ ಕಂದು ಬೇಡ.

ಕೀಳುವಾಗ ಬುಡವನ್ನ ಪೂರ್ತಿ ಅಗೆಯೋದು ಬೇಡ, ಒಂದು ಪಕ್ಕದಿಂದ ತೆಗೀರಿ. ಒಂದು ಬಲಿತ ಕಂದು, ಅದಕ್ಕೆ ಅಂಟಿಕೊಂಡ ಒಂದು ಎಳೆ ಮೊಳಕೆ, ಕೆಳಗೆ ಗೆಡ್ಡೆಯ ತುಂಡು. ಇಷ್ಟು ಸೇರಿದ್ರೆ ಒಂದು ನೆಡುವ ಗಿಡ. ಬಲಿತದ್ದು ಊಟ ಕೊಡುತ್ತೆ, ಎಳೆಯದು ಬೆಳೆಯುತ್ತೆ. ಹೆಚ್ಚು ಬೇಕಾದ್ರೆ ಕೊಡಗಿನ ಅಪ್ಪಂಗಳದ ಸಂಶೋಧನಾ ಕೇಂದ್ರದವರು ರೂಢಿಗೆ ತಂದ ಕಾಲುವೆ ವಿಧಾನ ಇದೆ. 45 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ಕಾಲುವೆ, ಕಾಲುವೆಯಿಂದ ಕಾಲುವೆಗೆ 1.8 ಮೀಟರ್. ಮೇಲ್ಮಣ್ಣು, ಕಾಂಪೋಸ್ಟ್ ತುಂಬಿ 60 ಸೆಂ.ಮೀ.ಗೆ ಒಂದರಂತೆ ನೆಟ್ಟು, ಮೇಲೆ ನೆರಳು, ನೀರು ಸರಿಯಾಗಿ ಕೊಟ್ಟರೆ ವರ್ಷದಲ್ಲಿ ಒಂದರಿಂದ 30ಕ್ಕೂ ಹೆಚ್ಚು ಕಂದು ಬರುತ್ತೆ. ಈಗ ಯೋಚನೆ ಮಾಡಿ, ಕಟ್ಟೆ ಇರೋ ಒಂದು ಕಂದು ಆ ಕಾಲುವೆಗೆ ಹೋದ್ರೆ ಏನಾಗುತ್ತೆ ಅಂತ. ಅದಕ್ಕೇ ಕಂದಿನ ಕಾಲುವೆ ಹಳೇ ಏಲಕ್ಕಿಯಿಂದ ದೂರ ಇರ್ಲಿ. ಒಣಗಿದ ಎಲೆಬುಡ ತೆಗೆದು ಹಾಕ್ತಾ ಇರಿ, ಹೇನಿಗೆ ಮನೆ ಸಿಗಲ್ಲ. ತೋಡಿನ ಬದಿಯ ಕೆಸುವನ್ನೂ ಅಲ್ಲಿಂದ ತೆಗೀರಿ, ಆ ಹೇನು ಕೆಸುವಿನ ಮೇಲೂ ಬದುಕುತ್ತೆ. ಪತ್ರೊಡೆಗೆ ಬೇಕು ಅಂದ್ರೆ ಮನೆ ಹಿಂದೆ ಹಾಕ್ಕೊಳ್ಳಿ.

ಕಳಸದ ಹುಡುಗನಿಗೆ ಹೇಳಿದ್ದು ಕಷ್ಟದ ಮಾತು. ಗೆರೆ ಕಂಡ ಬುಡಗಳನ್ನೆಲ್ಲ ಗೆಡ್ಡೆ ಸಮೇತ ಕಿತ್ತು ನಾಶ ಮಾಡು, ತಿಂಗಳಿಗೊಮ್ಮೆ ಸುತ್ತು ಹಾಕು. ಅರ್ಧ ಗಂಟೆ ಉತ್ತರ ಬರ್ಲಿಲ್ಲ. ಆಮೇಲೆ, “ಕಾಯಿ ಇದೆ ಅಕ್ಕಾ, ಕೊಯ್ಲು ಮುಗಿಸಿ ಕೀಳ್ಲಾ?” ಅಂತ ಬಂತು. ಬೇಡ ಅಂದೆ. ಕಿತ್ತನೋ ಇಲ್ವೋ ಗೊತ್ತಿಲ್ಲ.

ಮೆಣಸು: ಒಂದೇ ಬಳ್ಳಿಯಲ್ಲಿ ಮೂರು ಥರದ ಕೊಂಬೆ

ಮೆಣಸು ಇನ್ನೂ ಮಜವಾಗಿದೆ. ಸಿಲ್ವರ್ ಮರಕ್ಕೋ ಹಾಲುವಾಣಕ್ಕೋ ಹತ್ತಿರುವ ಬಳ್ಳಿ ನೋಡಿ. ಬೇರು ಬಿಟ್ಟು ಮರಕ್ಕೆ ಅಂಟಿಕೊಂಡು ಮೇಲಕ್ಕೆ ಹೋಗೋದು ಒಂದು ಥರ. ಅದರಿಂದ ಪಕ್ಕಕ್ಕೆ ಚಾಚಿ ತೆನೆ ಬಿಡೋ ಕೊಂಬೆ ಇನ್ನೊಂದು ಥರ, ಇದು ಮರಕ್ಕೆ ಅಂಟಲ್ಲ. ಬುಡದಿಂದ ಹೊರಟು ನೆಲದ ಮೇಲೆ ಹರಿಯೋ ಹಂಬು ಮೂರನೇದು. ಮೂರಕ್ಕೂ ಗುಣಸೂತ್ರ ಒಂದೇ. ಆದರೆ ಹಂಬು ನೆಟ್ಟರೆ ಮರ ಹತ್ತುತ್ತೆ, ತೆನೆ ಬಿಡೋ ಪಕ್ಕದ ಕೊಂಬೆ ನೆಟ್ಟರೆ ಜನ್ಮದಲ್ಲಿ ಮರ ಹತ್ತಲ್ಲ, ಕುಂಡದಲ್ಲೇ ಪೊದೆಯಾಗಿ ಕೂತು ಅಲ್ಲೇ ಕಾಯಿ ಬಿಡುತ್ತೆ. ಕುಂಡದಲ್ಲಿ ಮಾರೋ ಪೊದೆ ಮೆಣಸು ಇದೇ. ಕತ್ತರಿಸೋ ಮೊದಲು ಎಲ್ಲಿತ್ತು ಅನ್ನೋದನ್ನ ತುಂಡು ಮರೆಯಲ್ಲ. ತೋಟಕ್ಕೆ ಅಂತ ತಂದ ಗಿಡ ಹತ್ತಲೇ ಇಲ್ಲ ಅಂತ ಬೈಯೋ ಮೊದಲು ಇದನ್ನ ನೆನಪಿಡಿ.

ಹಂಬು ನೆಲ ಮುಟ್ಟಿದ ಗೆಣ್ಣಿಗೆಲ್ಲ ಬೇರು ಬಿಡುತ್ತೆ. ನಮ್ಮಲ್ಲಿ ಹೆಚ್ಚಿನವರು ಮೇ ಕೊನೆಗೆ ಆ ಬೇರು ಬಿಟ್ಟದ್ದನ್ನೇ ಕಿತ್ತು ನೆಡ್ತಾರೆ. ಸುಲಭ, ನಿಜ. ಆದರೆ ನೆಲದ ಶಿಲೀಂಧ್ರ, ಬೇರುಗಂಟು ಹುಳ ಜೊತೆಗೇ ಬರುತ್ತೆ. ಸರಿಯಾದ ಕ್ರಮ: ಐದು ವರ್ಷ ದಾಟಿದ, ತೆನೆ ತುಂಬಾ ಕಾಳು ಕಟ್ಟಿರೋ ಬಳ್ಳಿಯನ್ನ ಈಗಲೇ ಗುರುತು ಮಾಡಿ. ಬುಡದಲ್ಲಿ ಎರಡು ಗೂಟ ಹೊಡೆದು ಹಂಬನ್ನ ಅದಕ್ಕೆ ಸುತ್ತಿಡಿ, ಮಣ್ಣು ಮುಟ್ಟಬಾರದು. ಫೆಬ್ರವರಿ, ಮಾರ್ಚ್‌ನಲ್ಲಿ ಕತ್ತರಿಸಿ. ತುದಿಯ ಎಳೆಯದು ಬೇಡ, ಬುಡದ ಬಲಿತದ್ದು ಬೇಡ, ಮಧ್ಯದ ಭಾಗದಲ್ಲಿ ಎರಡು ಮೂರು ಗೆಣ್ಣಿನ ತುಂಡು ಮಾಡಿ, ಎಲೆ ಸವರಿ, ಬಿಸಿಲಿನಲ್ಲಿ ಪಾಲಿಥೀನ್ ಹೊದಿಸಿ ಕಾಯಿಸಿದ ಮಣ್ಣು ತುಂಬಿದ ಚೀಲಕ್ಕೆ ಹಾಕಿ. ಎಲೆ ಸಣ್ಣಗಾಗಿ, ಸುಕ್ಕಾಗಿ, ಹಳದಿ ಮಚ್ಚೆ ಇರೋ ಬಳ್ಳಿಯಿಂದ ಒಂದೇ ಒಂದು ಗೆಣ್ಣೂ ಬೇಡ. ಅದು ಕುಂಠು ರೋಗ, ಅದೂ ವೈರಸ್, ಅದೂ ಕಟಿಂಗ್‌ನಲ್ಲೇ ಹೋಗುತ್ತೆ. ಮತ್ತೆ, ಇಡೀ ತೋಟಕ್ಕೆ ಒಂದೇ ತಾಯಿ ಮಾಡ್ಬೇಡಿ. ನಾನು ಪನ್ನಿಯೂರು ಜೊತೆ ಅಜ್ಜನ ಕಾಲದ ಊರ ಬಳ್ಳಿ ಎರಡು ಥರ ಸೇರಿಸಿ ಇಟ್ಟಿದ್ದೀನಿ. ಇಳುವರಿ ಸ್ವಲ್ಪ ಕಮ್ಮಿ ಇರ್ಬಹುದು, ಇರ್ಲಿ.

ಬಾಳೆ ಬಗ್ಗೆ ಎರಡೇ ಮಾತು. ಕತ್ತಿಯಂಥ ಕಿರಿದಾದ ಎಲೆಯ ಕಂದು ತಾಯಿ ಗೆಡ್ಡೆಗೆ ಗಟ್ಟಿಯಾಗಿ ಸೇರಿಕೊಂಡಿರುತ್ತೆ, ಅದನ್ನ ತಗೊಳ್ಳಿ. ಅಗಲ ಎಲೆಯ ನೀರುಕಂದು ನೋಡೋಕೆ ಚೆಂದ, ಕೆಳಗೆ ಗೆಡ್ಡೆಯೇ ಇರಲ್ಲ. ಎಲೆಗಳು ಮೇಲೆ ಗುಚ್ಛವಾಗಿ ನಿಂತ ಬುಡದ ಹತ್ತಿರಕ್ಕೂ ಹೋಗ್ಬೇಡಿ. ನಂಜನಗೂಡು ರಸಬಾಳೆಯನ್ನ ಪನಾಮಾ ಸೊರಗು ರೋಗ ಹೇಗೆ ತಿಂದುಹಾಕ್ತು ಅನ್ನೋದು ಗೊತ್ತಲ್ಲ, ಆ ಶಿಲೀಂಧ್ರ ಕೂಡ ಕಂದಿನ ಜೊತೆ ಊರೂರು ತಿರುಗುತ್ತೆ.

ಅದೇ ಉಪಾಯ ಕಳೆಗೂ ಗೊತ್ತು

ಗರಿಕೆ, ಜೇಕು ಇದೇ ಶಾಲೆಯಲ್ಲಿ ಓದಿದವು. ಗರಿಕೆ ಹಂಬು ನೆಲದ ಮೇಲೂ ಹೋಗುತ್ತೆ, ಕೆಳಗೂ ಹೋಗುತ್ತೆ. ಜೇಕಿನ ಕಪ್ಪು ಗಡ್ಡೆಗಳು ಸರ ಪೋಣಿಸಿದ ಹಾಗೆ ಮಣ್ಣಿನಲ್ಲಿರುತ್ತವೆ. ಹಸಿ ಇರುವಾಗ ರೋಟವೇಟರ್ ಹೊಡೆದ್ರೆ ಒಂದು ಹಂಬು ಹತ್ತು ತುಂಡಾಗುತ್ತೆ, ಗಿಣ್ಣಿರೋ ಪ್ರತಿ ತುಂಡೂ ಹೊಸ ಗಿಡ. ಬಾಡಿಗೆ ಕೊಟ್ಟು ನರ್ಸರಿ ಮಾಡಿಸಿದ ಹಾಗೆ. ಬೇಸಿಗೆಯಲ್ಲಿ ಅಗೆದು ಗಡ್ಡೆ ಮೇಲೆ ಬಿಟ್ಟು ಬಿಸಿಲಿಗೆ ಒಣಗಿಸಿ. ಇಲ್ಲಾಂದ್ರೆ ದಪ್ಪ ಹೊದಿಕೆ ಹಾಕಿ, ಎದ್ದ ಹಾಗೆಲ್ಲ ಕತ್ತರಿಸಿ ಗಡ್ಡೆಯಲ್ಲಿರೋ ಊಟ ಖಾಲಿ ಮಾಡಿಸಿ. ಜೇಕಿನ ವಿಷಯದಲ್ಲಿ ಇದು ಒಂದು ವರ್ಷದ ಕೆಲಸ ಅಲ್ಲ.

ಈ ತಿಂಗಳು ಶುಂಠಿ ಮಡಿಯಲ್ಲಿ

ಏಪ್ರಿಲ್, ಮೇ ತಿಂಗಳಲ್ಲಿ ಹಾಕಿದ ಶುಂಠಿಗೆ ಈಗ ಆರೇಳು ತಿಂಗಳು. ಎಲೆ ಇನ್ನೂ ಹಸಿರಿದೆ. ಬಿತ್ತನೆಗೆ ಮಡಿ ಆರಿಸೋದು ಈಗಲೇ. ಎಲೆ ಪೂರ್ತಿ ಒಣಗಿದ ಮೇಲೆ ರೋಗದ ಮಡಿ, ಒಳ್ಳೇ ಮಡಿ ಎಲ್ಲಾ ಒಂದೇ ಥರ ಕಾಣುತ್ತೆ. ಕಿತ್ತು ತೊಳೆದ ಗೆಡ್ಡೆ ನೋಡಿ ಹೇಳೋಕೆ ಇನ್ನೂ ಕಷ್ಟ, ನನ್ನ ಆರು ಮೂಟೆಯೂ ಹೊಳೀತಾ ಇತ್ತು. ಕೊಳ್ಳುವವರೂ ಅಷ್ಟೇ, ಈಗ ಗದ್ದೆಗೆ ಹೋಗಿ ಬೆಳೆ ನೋಡಿ ಮಾತಾಡಿ, ಅಡ್ವಾನ್ಸ್ ಆಗಲೇ ಕೊಡಿ. ಮಾರ್ಚಲ್ಲಿ ಮೂಟೆ ನೋಡಿ ಕೊಳ್ಳೋದು ಬೇಡ.

ಎಳೆದರೆ ಸುಲಭವಾಗಿ ಕಿತ್ತು ಬಂದು ವಾಸನೆ ಹೊಡೆದ್ರೆ ಗೆಡ್ಡೆ ಕೊಳೆ. ಹಸಿರಲ್ಲೇ ಬಾಡಿ ಲೋಟದ ನೀರಿಗೆ ಹಾಲು ಬಿಟ್ಟರೆ ದುಂಡಾಣು ಸೊರಗು. ಎರಡರಲ್ಲಿ ಯಾವುದು ಬಂದಿದ್ರೂ ಆ ಮಡಿ ಬಿಡಿ. ಅದರ ನೀರು ಹರಿದು ಬರೋ ಕೆಳಗಿನ ಮಡಿಗಳನ್ನೂ ಬಿಡಿ. ಉಳಿದ ಒಳ್ಳೇ ಮಡಿಗೆ ಕಡ್ಡಿ ನೆಡಿ. ಹಸಿ ಶುಂಠಿಗೆ ರೇಟು ಬಂತು ಅಂತ ಅವನ್ನ ಕೀಳ್ಬೇಡಿ, ಎಲೆ ಒಣಗಿ ಗೆಡ್ಡೆ ಪೂರ್ತಿ ಬಲಿಯೋವರೆಗೆ ಬಿಡಿ. ಕಿತ್ತ ಮೇಲೆ ನೆರಳಿನ ಕಡೆ ಸಗಣಿ ಬಳಿದ ಗುಂಡಿಯಲ್ಲಿ, ಪದರ ಪದರವಾಗಿ ಒಣ ಮರಳು ಅಥವಾ ಮರದ ಹೊಟ್ಟು ಹಾಕಿ ಇಡಿ. ಮೇಲೆ ಜಾಗ ಬಿಟ್ಟು ಗಾಳಿಯಾಡೋ ಹಾಗೆ ಹಲಗೆ ಮುಚ್ಚಿ, ಇಪ್ಪತ್ತು ದಿನಕ್ಕೊಮ್ಮೆ ತೆಗೆದು ಕೊಳೆತದ್ದು, ಸುಕ್ಕಾದದ್ದು ಆರಿಸಿ ಹಾಕಿ.

ಬೀಜೋಪಚಾರ ಮಾಡಿದ್ರೆ ಸಾಕಲ್ವಾ ಅಂತ ತುಂಬಾ ಜನ ಕೇಳ್ತಾರೆ. ರಾಸಾಯನಿಕ ಬಳಸುವವರಿಗೆ ಶಿಫಾರಸು ಇರೋದು ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್, 30 ನಿಮಿಷ ಅದ್ದಿ ನೆರಳಲ್ಲಿ ಆರಿಸೋದು. ನಾನು ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಬಳಸ್ತೀನಿ. ಎರಡೂ ಮೈಮೇಲಿನ ಶಿಲೀಂಧ್ರಕ್ಕೆ, ಮಣ್ಣಿನಿಂದ ಬರೋದಕ್ಕೆ ಅಡ್ಡ ನಿಲ್ಲುತ್ತೆ. ಗೆಡ್ಡೆಯ ಒಳಗೇ ಸೇರಿಕೊಂಡ ದುಂಡಾಣುವನ್ನ ಎರಡೂ ಹೊರಗೆ ಹಾಕಲ್ಲ.

ಒಳ್ಳೇ ಗೆಡ್ಡೆ ಕಮ್ಮಿ ಇದ್ರೆ ಟ್ರೇ ಸಸಿ ಮಾಡಿ. ಸಾಮಾನ್ಯವಾಗಿ 20ರಿಂದ 25 ಗ್ರಾಂ ತುಂಡು ಹಾಕಿ ಎಕರೆಗೆ 600ರಿಂದ 720 ಕೆ.ಜಿ. ಬಿತ್ತನೆ ಶುಂಠಿ ಖರ್ಚು ಮಾಡ್ತೀವಿ. ಒಂದೇ ಕಣ್ಣಿರೋ 4ರಿಂದ 6 ಗ್ರಾಂ ತುಂಡನ್ನ ಟ್ರೇಯಲ್ಲಿ ತೆಂಗಿನನಾರಿನ ಪುಡಿ ಮೂರು ಪಾಲು, ಎರೆಗೊಬ್ಬರ ಒಂದು ಪಾಲು ಹಾಕಿ ಮೊಳೆಸಿದ್ರೆ 30ರಿಂದ 40 ದಿನಕ್ಕೆ ಸಸಿ ರೆಡಿ, ಎಕರೆಗೆ 200ರಿಂದ 300 ಕೆ.ಜಿ. ಸಾಕು. ಕೋಯಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರ ವಿಧಾನ ಇದು. ದುಡ್ಡು ಉಳಿಯೋದು ಸರಿ, ನನಗೆ ಇಷ್ಟ ಆಗೋದು ಬೇರೆ ಕಾರಣಕ್ಕೆ: ಪ್ರತಿ ಸಸಿಯನ್ನೂ ಗದ್ದೆಗೆ ಹೋಗೋ ಮೊದಲು ಕಣ್ಣಾರೆ ನೋಡ್ತೀನಿ, ಬಾಡಿದ್ದು ಟ್ರೇಯಲ್ಲೇ ಉಳಿಯುತ್ತೆ.

ಈ ಸಲ ನಮ್ಮ ಅರ್ಧ ಎಕರೆಯಲ್ಲಿ 11 ಮಡಿಗೆ ಕಡ್ಡಿ ನೆಟ್ಟಿದ್ದೆ. ಕಳೆದ ವಾರ ಅಪ್ಪನ ಜೊತೆ ಇನ್ನೊಂದು ಸುತ್ತು ಹೋಗಿ ಎರಡು ಕಡ್ಡಿ ಕಿತ್ತೆವು. ಒಂದರಲ್ಲಿ ಮೂಲೆಯ ಮೂರು ಗಿಡದ ಕೆಳಗಿನ ಎಲೆ ತುದಿ ಹಳದಿಯಾಗಿತ್ತು. ಇನ್ನೊಂದು ಮಡಿ ಪೂರ್ತಿ ಹಸಿರಾಗೇ ಇತ್ತು, ಆದರೆ ಬಸಿಗಾಲುವೆ ಮೊದಲನೇದರಿಂದ ಅದರ ಕಡೆಗೇ ಇಳಿದಿತ್ತು.